ಹತ್ತೊಂಬತ್ತು ಮಿಲಿಮೀಟರ್

"ಹತ್ತೊಂಬತ್ತು," ಎಂದ ಮಧ್ವೇಶ, ಸ್ಕೇಲಿನ ಮೇಲಿಟ್ಟ ಕಣ್ಣು ತೆಗೆಯದೆ.

ಪಕ್ಕದಲ್ಲಿ ಕೂತಿದ್ದ ಸೂರಜ್ ರಿಜಿಸ್ಟರಿನಲ್ಲಿ ಬರೆದುಕೊಂಡ. ಇಬ್ಬರ ಬೆನ್ನ ಹಿಂದೆ ನಿಂತಿದ್ದ ಅಮಿತಾ ಅದನ್ನು ಬರೆಯಬೇಡ ಎಂದಳು.

"ಸರ್, ಉಸ್‌ಮೇ ದವಾ ಹೀ ನಹೀ ಹೈ," ಎಂದು ಹಿಂದಿಯಲ್ಲಿ ಶುರುಮಾಡಿ, ಅವನ ಮುಖ ನೋಡಿ ಕನ್ನಡಕ್ಕೆ ಬಂದಳು. "ಅದರಲ್ಲಿ ಔಷಧಿಯೇ ಇಲ್ಲ. ಖಾಲಿ ಕಾಗದ. ನಾನೇ ಇಟ್ಟಿದ್ದು."

ಮಧ್ವೇಶ ಮತ್ತೊಮ್ಮೆ ಅಳೆದ. ಖಾಲಿ ಕಾಗದವೆಂದು ಗೊತ್ತಾದ ಮಾತ್ರಕ್ಕೆ ಅಳತೆ ಕಡಿಮೆಯಾಗಲಿಲ್ಲ. ಹತ್ತೊಂಬತ್ತೇ ಇತ್ತು.

ರೋಗಿಯ ಗಾಯದಿಂದ ಬಂದ ಬ್ಯಾಕ್ಟೀರಿಯಾವನ್ನು ಅಗರ್ ಎಂಬ ಜೆಲ್ಲಿ ಹುಯ್ದ ಪ್ಲೇಟಿನ ತುಂಬ ತೆಳ್ಳಗೆ ಸವರಬೇಕು. ಬೇರೆಬೇರೆ ಔಷಧಿ ಹೀರಿಸಿದ ಕಾಗದದ ಸಣ್ಣ ಬಿಲ್ಲೆಗಳನ್ನು ಚಿಮಟದಲ್ಲಿ ಎತ್ತಿ ಅದರ ಮೇಲಿಡಬೇಕು. ಒಂದು ರಾತ್ರಿ ಬೆಚ್ಚಗಿಟ್ಟು ಬೆಳಿಗ್ಗೆ ತೆಗೆದರೆ, ತಾಕತ್ತಿದ್ದ ಔಷಧಿಯ ಸುತ್ತ ಏನೂ ಬೆಳೆಯದೆ ಒಂದು ಖಾಲಿ ವೃತ್ತ ಉಳಿದಿರುತ್ತದೆ. ತಾಕತ್ತಿಲ್ಲದ್ದರ ಬುಡದ ತನಕ ಬ್ಯಾಕ್ಟೀರಿಯಾ ಹುಲುಸಾಗಿ ಬಂದಿರುತ್ತದೆ. ಆ ಖಾಲಿ ವೃತ್ತಗಳನ್ನು ಅಳೆದು ಡಾಕ್ಟರರಿಗೆ ತಿಳಿಸುವುದೇ ಮಧ್ವೇಶನ ಕೆಲಸ. ನವಿ ಮುಂಬಯಿಯ ಘಣಸೋಲಿಯ ಈ ಲ್ಯಾಬಿನಲ್ಲಿ ಹದಿನಾಲ್ಕು ವರ್ಷಗಳಿಂದ ಅವನು ಖಾಲಿ ಜಾಗವನ್ನು ಅಳೆದು ಸಂಬಳ ತೆಗೆದುಕೊಳ್ಳುತ್ತಿದ್ದ.

ಅಮಿತಾ ಕ್ವಾಲಿಟಿ ಆಫೀಸರ್ ಆಗಿ ಬಂದು ಮೂರು ತಿಂಗಳಾಗಿತ್ತು. ಅದಕ್ಕೂ ಮೊದಲು ಲ್ಯಾಬಿಗೆ ಕ್ವಾಲಿಟಿ ಆಫೀಸರ್ ಇರಲಿಲ್ಲ, ಬಾಗಿಲ ಮೇಲೆ ಬೋರ್ಡು ಮಾತ್ರ ಇತ್ತು. ನಿನ್ನೆ ಅವಳು ಅವನ ಬಿಲ್ಲೆಗಳ ಡಬ್ಬಿಯಲ್ಲಿ ಒಂದು ಔಷಧಿಯ ಬಿಲ್ಲೆ ತೆಗೆದು, ಅದರ ಜಾಗಕ್ಕೆ ಅಂಥದೇ ಅಕ್ಷರ ಬರೆದ ಸಾದಾ ಕಾಗದ ಸೇರಿಸಿದ್ದಳು. ಸೂರಜ್‌ನ ಡಬ್ಬಿಗೂ ಒಂದನ್ನು ಸೇರಿಸಿದ್ದಳು. ಪರೀಕ್ಷೆ ಮಾಡುವವರನ್ನು ಪರೀಕ್ಷಿಸುವ ಕ್ರಮ ಅದು, ಪುಸ್ತಕದಲ್ಲೇ ಇದೆ ಎಂದಳು. ಮಧ್ವೇಶನಿಗೂ ಆ ಪುಸ್ತಕ ಗೊತ್ತಿತ್ತು.

ಅವಳು ಸೂರಜ್ ಮಾಡಿದ ಪ್ಲೇಟನ್ನು ತಂದು ಪಕ್ಕಕ್ಕಿಟ್ಟಳು. ಅದರಲ್ಲಿ ಒಂದೂ ವೃತ್ತವಿರಲಿಲ್ಲ. ಕಾಗದದ ಸುತ್ತ ಇಲ್ಲದಿರುವುದು ಸರಿ, ಆದರೆ ಆರು ಔಷಧಿಗಳ ಸುತ್ತಲೂ ಇರಲಿಲ್ಲ. ಹಸಿರು ಛಾಯೆಯ ಬೆಳೆ ಏಳೂ ಬಿಲ್ಲೆಗಳ ಅಂಚಿನವರೆಗೆ ಬಂದು ನಿಂತಿತ್ತು. ಮಧ್ವೇಶನ ಪ್ಲೇಟಿನಲ್ಲಿ ಏಳಕ್ಕೆ ಏಳೂ ಸ್ವಚ್ಛ ವೃತ್ತಗಳು.

"ಒಂದೇ ಸ್ಯಾಂಪಲ್ಲಾ?"

"ಒಂದೇ, ಸರ್. ನಾಲ್ಕು ನಾಲ್ಕು ಏಳು ಒಂದು."

ಪ್ಲೇಟು ತಿರುಗಿಸಿ ನಂಬರು ನೋಡುವ ಅಗತ್ಯ ಅವನಿಗಿರಲಿಲ್ಲ. ಆ ಸ್ಯಾಂಪಲನ್ನು ಮೊನ್ನೆ ಡೊಂಬಿವಲಿಯಿಂದ ಐಸ್‌ಬಾಕ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ ಅವನೇ ತಂದಿದ್ದ. ಅದು ಅವನ ತಾಯಿ ಸತ್ಯಭಾಮಾ ಅವರ ಬಲಗಾಲಿನದು.

ತುರಿಮಣೆಯ ಅಲಗು ತಾಗಿ ಆದ ಸಣ್ಣ ಗಾಯ ಅದು. ಎಪ್ಪತ್ತೆರಡು ವರ್ಷ, ಮೈಯಲ್ಲಿ ಸಕ್ಕರೆ. ಗಾಯ ಮೂರು ವಾರದಲ್ಲಿ ಪಾದವನ್ನೆಲ್ಲ ತನ್ನದು ಮಾಡಿಕೊಂಡಿತ್ತು. ನರ್ಸಿಂಗ್ ಹೋಮಿನ ಡಾಕ್ಟರ್ ಧರ್ಮಪಾಲ ಮೊದಲ ಸಲ ಕೀವು ತೆಗೆದು ಕಳಿಸಿದಾಗ ಮಧ್ವೇಶನೇ ಪ್ಲೇಟು ಹಾಕಿದ್ದ, ಮಧ್ವೇಶನೇ ಅಳೆದಿದ್ದ. ಇಪ್ಪತ್ತಾರು ಮಿಲಿಮೀಟರ್ ಬಂದ ಔಷಧಿಯನ್ನು ಡಾಕ್ಟರು ಐದು ದಿನದಿಂದ ಚುಚ್ಚುತ್ತಿದ್ದರು. ಪ್ಲೇಟಿನಲ್ಲಿ ಸತ್ತದ್ದು ಪಾದದಲ್ಲಿ ಸಾಯಲಿಲ್ಲ. ಅದಕ್ಕೇ ಎರಡನೆಯ ಸ್ಯಾಂಪಲ್. ಈಗಲೂ ಯಾವ ಔಷಧಿಯೂ ನಾಟದಿದ್ದರೆ ಪಾದ ತೆಗೆಯಲೇಬೇಕು, ನಾಳೆ ಬೆಳಿಗ್ಗೆ ಎಂಟಕ್ಕೆ ತೀರ್ಮಾನ ಮಾಡೋಣ, ರಿಪೋರ್ಟ್ ತನ್ನಿ ಎಂದಿದ್ದರು ಧರ್ಮಪಾಲ. ತಡ ಮಾಡಿದರೆ ಪಾದ ಒಂದೇ ಹೋಗುವುದಿಲ್ಲ ಎಂದೂ ಹೇಳಿದ್ದರು.

ಈಗ ಮೇಜಿನ ಮೇಲೆ ಎರಡು ಪ್ಲೇಟುಗಳಿದ್ದವು. ಒಂದರ ಪ್ರಕಾರ ಅಮ್ಮನ ಕಾಲಿಗೆ ಜಗತ್ತಿನಲ್ಲಿ ಔಷಧಿಯಿಲ್ಲ. ಇನ್ನೊಂದರ ಪ್ರಕಾರ ಕಾಗದವೂ ಸಾಕು.

"ಸರ್, ಸಹಿ?" ಎಂದ ಸೂರಜ್. ಪ್ರತಿ ಪ್ಲೇಟಿಗೂ ಇಬ್ಬರ ಸಹಿ ಬೇಕು. ಮಧ್ವೇಶ ಪೆನ್ನಿಗೆ ಮುಚ್ಚಳ ಹಾಕಿದ.

*

ಕೈಗುಣ ಎಂಬ ಮಾತನ್ನು ಅವನು ಲ್ಯಾಬಿನಲ್ಲಿ ಮೊದಲು ಕೇಳಿದ್ದು ತಾರಾನಾಥರ ಬಾಯಿಂದ. ಲ್ಯಾಬಿನ ಯಜಮಾನರು. ಉಡುಪಿ ಕಡೆಯವರು, ಅಣ್ಣತಮ್ಮಂದಿರೆಲ್ಲ ಸೀವುಡ್ಸ್‌ನಿಂದ ಕಲ್ಯಾಣದವರೆಗೆ ಹೋಟೆಲಿಟ್ಟಿದ್ದಾಗ ಇವರೊಬ್ಬರು ರಕ್ತ, ಮೂತ್ರಗಳ ಕಡೆ ಬಂದಿದ್ದರು. ಬೇರೆ ಲ್ಯಾಬುಗಳು ಯಾವ ಔಷಧಿಯೂ ನಾಟುವುದಿಲ್ಲ ಎಂದು ಕೈಚೆಲ್ಲಿದ ಕೇಸುಗಳಲ್ಲಿ ಮಧ್ವೇಶನ ಪ್ಲೇಟು ಎರಡೋ ಮೂರೋ ಔಷಧಿಗೆ ದಾರಿ ಬಿಡುತ್ತಿತ್ತು. ಠಾಣೆ, ಭಿವಂಡಿಯಿಂದೆಲ್ಲ ಡಾಕ್ಟರುಗಳು ಅವನ ಹೆಸರು ಹೇಳಿ ಸ್ಯಾಂಪಲ್ ಕಳಿಸತೊಡಗಿದರು. ಗುಣವಾದವರು ಡಾಕ್ಟರರಿಗೆ ಪೇಡಾ ಕೊಟ್ಟರು. ಗುಣವಾಗದವರು ರಿಪೋರ್ಟಿನ ಬಗ್ಗೆ ಮಾತಾಡಲು ವಾಪಸು ಬರಲಿಲ್ಲ.

ಮನೆಯಲ್ಲಿ ಮಾತ್ರ ಅವನ ಕೈಗೆ ಬೇರೆಯದೇ ಹೆಸರಿತ್ತು. ಅವನ ಅಪ್ಪ ಠಾಣೆ ಸ್ಟೇಷನ್ನಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ಹಿಟ್ಟಿನ ಕೆಲಸದವರು. ರುಬ್ಬಿದ ದೋಸೆಹಿಟ್ಟಿಗೆ ಉಪ್ಪು ಹಾಕಿ ಮೊಣಕೈವರೆಗೆ ಕೈ ಇಳಿಸಿ ಕಲಸಿಟ್ಟರೆ ಬೆಳಿಗ್ಗೆ ಹಿಟ್ಟು ಪಾತ್ರೆಯಿಂದ ಉಕ್ಕುತ್ತಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಒಂದು ರಜೆಯಲ್ಲಿ ಮಧ್ವೇಶನನ್ನು ಆ ಕೆಲಸಕ್ಕೆ ಹಚ್ಚಿದರು. ಅವನು ಕಲಸಿದ ಹಿಟ್ಟು ಕಲಸಿದ ಹಾಗೇ ಇತ್ತು. ಮರುದಿನವೂ ಅಷ್ಟೆ. ಮೂರನೆಯ ದಿನ ಬೆಳಿಗ್ಗೆ ಗಿರಾಕಿಗಳು ಚಪ್ಪಟೆ ದೋಸೆಯನ್ನು ತಿರುಗಿಸಿ ನೋಡಿದಾಗ ಹೋಟೆಲಿನ ಯಜಮಾನರು ಅಪ್ಪನನ್ನು ಕರೆದು, ಮಾಣಿಯನ್ನು ಓದಿಸಿ ಭಟ್ರೇ ಎಂದರು. ಹಾಗೆ ಅವನು ಓದಿದ. ಏನು ಓದುವುದೆಂದು ಕೇಳಿದಾಗ ಸೂಕ್ಷ್ಮಾಣುಗಳನ್ನು ಎಂದು ಹೇಳಿದ್ದಕ್ಕೆ ಯಾರಿಗೂ ಕಾರಣ ಗೊತ್ತಾಗಲಿಲ್ಲ.

ಹಾಲಿಗೆ ಹೆಪ್ಪು ಹಾಕಲು ಅಮ್ಮ ಅವನನ್ನು ಬಿಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಸಂಜನಾ ಇದೆಲ್ಲ ಎಂಥ ಮೂಢನಂಬಿಕೆ ಎಂದು ನಕ್ಕು, ಒಂದು ಸಂಜೆ ಅವನ ಕೈಯಲ್ಲೇ ಹಾಕಿಸಿದಳು. ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು. ಅವಳು ಅದನ್ನು ಕಾಫಿಗೆ ಬಳಸಿದಳು. ಆಮೇಲೆ ಆ ಮಾತು ಎತ್ತಲಿಲ್ಲ. ಎಮ್ಮೆಸ್ಸಿ ಮಾಡಿದವನಿಗೆ ಇದರಿಂದ ನೋವಾಗಬಾರದಾಗಿತ್ತು, ಆದರೆ ಆಗಿತ್ತು.

*

ತಾರಾನಾಥರು ಎರಡೂ ಪ್ಲೇಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಗಾಬರಿಯಾಗುತ್ತದೆಂದು ಮಧ್ವೇಶ ಅಂದುಕೊಂಡಿದ್ದ. ಅವರ ಮುಖ ಅರಳಿತು.

"ನಾನು ಎಂತ ಹೇಳ್ತಿದ್ದೆ? ಕೈಗುಣ. ಕಾಗದಕ್ಕೂ ಬಂತಲ್ಲ ಮಾರಾಯ."

"ಅಂದರೆ ನನ್ನ ರಿಪೋರ್ಟೆಲ್ಲ ಸುಳ್ಳು."

"ಸುಳ್ಳು ಎಂಥದ್ದು? ನೀನು ಅಳೆದದ್ದು ಅಲ್ಲಿ ಉಂಟಾ ಇಲ್ವಾ?"

ಇತ್ತು. ತಾರಾನಾಥರು ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ವಿವರಿಸಿದರು. ಯಾವುದೂ ನಾಟುವುದಿಲ್ಲ ಎಂಬ ರಿಪೋರ್ಟನ್ನು ಡಾಕ್ಟರು ಏನು ಮಾಡುತ್ತಾನೆ? ಓದಿ ಸುಮ್ಮನೆ ಕೂತುಕೊಳ್ಳುತ್ತಾನೆ. ನಾಟುತ್ತದೆ ಎಂದರೆ ಒಂದು ಇಂಜೆಕ್ಷನ್ನಾದರೂ ಕೊಡುತ್ತಾನೆ. ಮನೆಯವರಿಗೆ ಸಮಾಧಾನ, ರೋಗಿಗೂ ಸಮಾಧಾನ. ಸೂರಜ್‌ನ ಪ್ಲೇಟು ಕಳಿಸಿದರೆ ಯಾರಿಗೆ ಸಮಾಧಾನ?

"ಅದು ಅಮ್ಮನದ್ದು," ಎಂದ ಮಧ್ವೇಶ.

ತಾರಾನಾಥರು ಪ್ಲೇಟನ್ನು ನಿಧಾನವಾಗಿ ಕೆಳಗಿಟ್ಟರು. ಹಾಗಿದ್ದರಂತೂ ನಿನ್ನದೇ ಕಳಿಸು ಎಂದರು.

ಅಮಿತಾ ಒಪ್ಪಲಿಲ್ಲ. ಕಾರಣ ಪತ್ತೆಯಾಗುವ ತನಕ ಎರಡೂ ರಿಪೋರ್ಟುಗಳನ್ನು ತಡೆಹಿಡಿಯಬೇಕು, ಕಾರಣವಾದ ವಸ್ತುವನ್ನು ಪರೀಕ್ಷೆಗೆ ಒಳಪಡಿಸಬೇಕು. ಕಾಗದವನ್ನು ಪರೀಕ್ಷಿಸಿ ಆಗಿದೆ, ಅದೇ ಕಾಗದ ಸೂರಜ್‌ನ ಪ್ಲೇಟಿನಲ್ಲಿ ಏನೂ ಮಾಡಿಲ್ಲ. ಚಿಮಟ ಒಂದೇ. ಅಗರ್ ಒಂದೇ ಪಾತ್ರೆಯದು. ಗ್ಲೌಸು ಒಂದೇ ಪೆಟ್ಟಿಗೆಯದು. ಕೈ ತೊಳೆಯುವ ಸಾಬೂನೂ ಒಂದೇ. ಉಳಿದದ್ದು ಒಂದೇ ವಸ್ತು. ಅವಳು ಅದರ ಕಡೆ ನೋಡಿದಳು. ಮಧ್ವೇಶನೂ ತನ್ನ ಬಲಗೈ ನೋಡಿಕೊಂಡ.

*

ಪರೀಕ್ಷೆಯಾಗಬೇಕಾದರೆ ಸ್ಯಾಂಪಲ್ ದಾಖಲಾಗಬೇಕು. ಕಂಪ್ಯೂಟರಿನಲ್ಲಿ ಆಯ್ಕೆಗಳಿದ್ದವು: ರಕ್ತ, ಮೂತ್ರ, ಕೀವು, ಕಫ, ಇತರೆ. ಅಮಿತಾ ಇತರೆ ಒತ್ತಿದಳು. ಅದು ವಿವರ ಕೇಳಿತು. ಅವಳು ಬಲಗೈ ಎಂದು ಟೈಪು ಮಾಡಿದಳು.

ಸಂಗ್ರಹಿಸಿದ ದಿನಾಂಕ ಕೇಳಿತು. ಸೂರಜ್ ಹುಟ್ಟಿದ ತಾರೀಖು ಹಾಕೋಣವೇ ಎಂದ. ಹಾಕಿದರೆ ಸ್ಯಾಂಪಲ್ ನಲವತ್ತೊಂದು ವರ್ಷ ಹಳೆಯದು, ತಿರಸ್ಕೃತ ಎಂದು ಕಂಪ್ಯೂಟರ್ ಕೆಂಪಗಾಯಿತು. ಇವತ್ತಿನ ತಾರೀಖು ಹಾಕಿದ ಮೇಲೆ ಸುಮ್ಮನಾಯಿತು. ಸ್ಯಾಂಪಲ್ ಹಿಂತಿರುಗಿಸಬೇಕೇ ಅಥವಾ ನಾಶಪಡಿಸಬೇಕೇ ಎಂದು ಕೇಳಿತು. ಅಮಿತಾ ಪ್ರಶ್ನಾರ್ಥಕವಾಗಿ ಅವನನ್ನು ನೋಡಿದಳು.

"ಹಿಂತಿರುಗಿಸಿ," ಎಂದ ಮಧ್ವೇಶ.

ಬಾರ್‌ಕೋಡ್ ಚೀಟಿ ಹೊರಬಂತು. ಅವಳು ಅದನ್ನು ಅವನ ಮಣಿಕಟ್ಟಿಗೆ ಸೊಟ್ಟಗಾಗದಂತೆ ಅಂಟಿಸಿ, ಕೈಗೆ ಶುದ್ಧ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿ ಕಟ್ಟಿದಳು. ಪ್ಲೇಟು ಬೆಚ್ಚಗಿಡುವ ಇನ್ಕ್ಯುಬೇಟರಿನಲ್ಲಿ ಜಾಗವಾಗುವುದು ಮೂರು ಗಂಟೆಗೆ. ಅಲ್ಲಿಯವರೆಗೆ ಆ ಕೈಯಿಂದ ಏನನ್ನೂ ಮುಟ್ಟಬಾರದು, ತೊಳೆಯಬಾರದು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಅವಳು ತನ್ನನ್ನು ಅವಮಾನಿಸುತ್ತಿಲ್ಲವೆಂದೂ, ತಾನಾಗಿದ್ದರೂ ಹೀಗೇ ಮಾಡುತ್ತಿದ್ದೆನೆಂದೂ ಅವನಿಗೆ ತಿಳಿದಿತ್ತು. ಅದರಿಂದಲೇ ಇನ್ನಷ್ಟು ಅವಮಾನವಾಯಿತು.

ಊಟಕ್ಕೆ ಡಬ್ಬಿ ಬಿಚ್ಚಲೂ ಆಗಲಿಲ್ಲ. ನೆಲ ಒರೆಸುವ ಚಂದ್ರಬಾಯಿ ಬಂದು ಬಿಚ್ಚಿಕೊಟ್ಟಳು. ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುವಾಗ, ಅಮ್ಮ ನೋಡಿದ್ದರೆ ಎದ್ದು ಹೋಗುತ್ತಿದ್ದಳು ಎಂದುಕೊಂಡ. ಚಂದ್ರಬಾಯಿ ಹೋಗಲಿಲ್ಲ. ಅಲ್ಲೇ ನಿಂತು ಸೀರೆಯ ಅಂಚು ಮೊಣಕಾಲಿನವರೆಗೆ ಎತ್ತಿದಳು. ಅಲ್ಲೊಂದು ಕುರು ಎದ್ದಿತ್ತು.

"ಸಾಹೇಬ್, ಜರಾ ಹಾತ್ ಲಾವಾ ನಾ," ಎಂದು, ಒಂದು ಸಲ ಕೈ ಮುಟ್ಟಿಸಲು ಬೇಡಿದಳು. ಬೆಳಗಿನ ಸುದ್ದಿ ನೆಲ ಒರೆಸುವ ಬಟ್ಟೆಯ ಜೊತೆಗೇ ಎಲ್ಲ ಕೋಣೆಗಳಿಗೂ ಹೋಗಿತ್ತು.

ಕೈ ಪರೀಕ್ಷೆಯಲ್ಲಿದೆ ಎಂದ ಮಧ್ವೇಶ. ಅವಳು ಗೌರವದಿಂದ ತಲೆಯಾಡಿಸಿ, ರಿಪೋರ್ಟ್ ಬಂದ ಮೇಲೆ ಬರುತ್ತೇನೆ ಎಂದು ಸೀರೆ ಇಳಿಸಿದಳು.

ಎರಡು ಗಂಟೆಗೆ ಅವನು ಧರ್ಮಪಾಲರಿಗೆ ಫೋನ್ ಮಾಡಿದ. ಮೊದಲ ರಿಪೋರ್ಟಿನ ಮೇಲೆ ಭರವಸೆ ಇಡಬೇಡಿ, ಅದರಲ್ಲಿ ಏನೋ ದೋಷವಿದೆ ಎಂದ. ಏನು ದೋಷ ಎಂದು ಅವರು ಕೇಳಿದರು. ಅದು ಇನ್ನೂ ಪರೀಕ್ಷೆಯಲ್ಲಿದೆ ಎಂದ. ದೋಷ ಯಂತ್ರದಲ್ಲೋ ಔಷಧಿಯಲ್ಲೋ ಎಂದರು. ಅವನು ಪ್ಲಾಸ್ಟಿಕ್ ಚೀಲದೊಳಗೆ ಬೆವತ ತನ್ನ ಬೆರಳುಗಳನ್ನು ನೋಡಿದ.

"ಮಧ್ವೇಶ್, ರಿಪೋರ್ಟ್ ನನ್ನ ಮುಂದೆ ಉಂಟು. ಇದರಲ್ಲಿ ನಿಮ್ಮದೇ ಸಹಿ," ಎಂದರು ಧರ್ಮಪಾಲ.

"ಹೌದು."

"ನಿಮ್ಮ ಸಹಿ ನಂಬಬಾರದು ಅಂತ ಬರೆದುಕೊಡಿ. ಸಹಿ ಮಾಡಿ ಕೊಡಿ."

ಅವರಿಗೆ ಸಿಟ್ಟು ಬಂದಿರಲಿಲ್ಲ. ಒಬ್ಬ ಹೆಂಗಸಿನ ಪಾದ ಕತ್ತರಿಸಬೇಕಾದರೆ ಫೈಲಿನಲ್ಲಿ ಒಂದು ಕಾಗದ ಬೇಕು, ಕತ್ತರಿಸದೆ ಕಾಯಬೇಕಾದರೂ ಒಂದು ಕಾಗದ ಬೇಕು ಎಂದರು. ಎಂಟು ಗಂಟೆಗೆ ಯಾವುದಾದರೂ ಒಂದು ತನ್ನಿ, ಎರಡು ತರಬೇಡಿ ಎಂದು ಫೋನ್ ಇಟ್ಟರು.

ಮೂರಕ್ಕೆ ಅಮಿತಾ ಚೀಲ ಬಿಚ್ಚಿದಳು. ಅಮ್ಮನ ಗಾಯದ ಬ್ಯಾಕ್ಟೀರಿಯಾ ಸವರಿದ ಹೊಸ ಪ್ಲೇಟಿನ ಮೇಲೆ ಅವನ ತೋರುಬೆರಳನ್ನು ಹಿಡಿದು ಒತ್ತಿಸಿ, ಹತ್ತು ಎಣಿಸಿದಳು. ಪ್ಲೇಟಿನಿಂದ ಕೊಳೆತ ದ್ರಾಕ್ಷಿಯಂಥ ಸಿಹಿ ವಾಸನೆ ಬರುತ್ತಿತ್ತು. ಹದಿನಾಲ್ಕು ವರ್ಷದಿಂದ ಗೊತ್ತಿದ್ದ ವಾಸನೆ, ಈಗ ಮೂರು ವಾರದಿಂದ ಅಮ್ಮನ ಹಾಸಿಗೆಯ ವಾಸನೆ. ಅವನಿಗೆ ಅಳು ಬಂತು. ಪರೀಕ್ಷೆಯ ವಸ್ತುವಿನ ಮೇಲೆ ಕಣ್ಣೀರು ಬೀಳಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿದ.

"ಫಲಿತಾಂಶ ಯಾವಾಗ?"

"ನಾಳೆ ಒಂಬತ್ತೂವರೆಗೆ, ಸರ್."

ಎಂಟು ಗಂಟೆಗೆ ಬೇಕು ಎಂದ. ಬ್ಯಾಕ್ಟೀರಿಯಾ ಬೆಳೆಯಲು ಹದಿನೆಂಟು ಗಂಟೆ ಬೇಕು, ಅದಕ್ಕೆ ನಮ್ಮ ಟೈಮ್ ಗೊತ್ತಿಲ್ಲವಲ್ಲ ಸರ್ ಎಂದಳು ಅಮಿತಾ. ಆದರೂ ಅವನ ಒತ್ತಾಯಕ್ಕೆ ಎರಡೂ ರಿಪೋರ್ಟುಗಳನ್ನು ಅಚ್ಚು ಹಾಕಿ, ಸಹಿಯ ಜಾಗ ಖಾಲಿ ಬಿಟ್ಟು, ಕವರಿನಲ್ಲಿ ಹಾಕಿಕೊಟ್ಟಳು. ಯಾವುದಕ್ಕೆ ಸಹಿ ಮಾಡಿದರೂ ತನಗೊಂದು ಮೆಸೇಜು ಕಳಿಸಬೇಕು, ರಿಜಿಸ್ಟರಿಗೆ ಬೇಕಾಗುತ್ತದೆ ಎಂದಳು.

*

ಠಾಣೆಯಲ್ಲಿ ಐದೂಮುಕ್ಕಾಲರ ಕಲ್ಯಾಣ ಗಾಡಿ. ಹತ್ತಿದ ಮೇಲೆ ಯಾವ ಕೈಕಾಲು ಯಾರದ್ದೆಂದು ತಿಳಿಯದ ಗರ್ದಿ. ಒಬ್ಬನ ಬ್ಯಾಗು ಅವನ ಹೊಟ್ಟೆಗೆ, ಇನ್ನೊಬ್ಬನ ಮೊಣಕೈ ಅವನ ಕುತ್ತಿಗೆಗೆ. ಮಧ್ವೇಶ ಸುಮ್ಮನೆ ನೋಡಬೇಕೆಂದು ಬಲಗೈಯನ್ನು ತಲೆಗಳ ಮೇಲಿಂದ ಎತ್ತಿ ಕಂಬಿ ಹಿಡಿದ. ಅದರ ಪಕ್ಕದಲ್ಲೇ, ಅದರ ಮೇಲೆಯೇ ಇನ್ನೆರಡು ಕೈಗಳು ಬಂದು ಕೂತವು. ಯಾರೂ ಒಂದು ಮಿಲಿಮೀಟರೂ ಸರಿಯಲಿಲ್ಲ. ಅವನಿಗೆ ಸ್ವಲ್ಪ ಸಮಾಧಾನವಾಯಿತು, ಸ್ವಲ್ಪ ನಿರಾಸೆಯೂ ಆಯಿತು.

ಡೊಂಬಿವಲಿಯ ನರ್ಸಿಂಗ್ ಹೋಮಿನ ಕೋಣೆಯಲ್ಲಿ ಎರಡು ಹಾಸಿಗೆಗಳು. ಆಚೆಯ ಹಾಸಿಗೆಯ ಅಕ್ಕು ಎಂಬ ಮುದುಕಿಗೆ ಮೈಯೆಲ್ಲ ಉರಿ, ಹಾಗಾಗಿ ಎಸಿ ಹದಿನೆಂಟಕ್ಕೆ ನಿಂತಿತ್ತು. ಮೇ ತಿಂಗಳ ಬಿಸಿಲಿನಿಂದ ಬಂದವನಿಗೆ ಬೆನ್ನು ನಡುಗಿತು. ಅಮ್ಮ ಎರಡು ಹೊದಿಕೆ ಹೊದ್ದು, ದಿಂಬಿಗೊರಗಿ, ಅಕ್ಕುಗೆ ಅವಳಿಗರ್ಥವಾಗದ ಕನ್ನಡದಲ್ಲಿ ಏನೋ ಹೇಳುತ್ತಿದ್ದಳು. ತನಗೆ ಕೊಡುವ ಮದ್ದನ್ನು ಆರಿಸಿದ್ದು ಮಗನೇ ಎಂಬುದು ಅದರ ಸಾರಾಂಶ. ಐದು ದಿನದಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು.

ಅಮ್ಮನ ಕಣ್ಣು ಅವನ ಮಣಿಕಟ್ಟಿನ ಚೀಟಿಯ ಮೇಲೆ ಬಿತ್ತು.

"ನಿನ್ನನ್ನೂ ಎಡ್ಮಿಟ್ ಮಾಡಿದ್ರಾ?"

"ಇಲ್ಲ. ಆಫೀಸಿನದ್ದು."

"ರಿಪೋರ್ಟು?"

"ಬೆಳಿಗ್ಗೆ ಕೊಡ್ತೇನೆ."

"ಮದ್ದು ನಾಟ್ತದಲ್ಲ?"

"ನೋಡ್ಬೇಕು ಅಮ್ಮ."

ಹೊದಿಕೆಯಿಂದ ಹೊರಗೆ ಬಂದಿದ್ದ ಬಲಗಾಲಿನ ಬ್ಯಾಂಡೇಜಿನ ಮೇಲೆ ಹಸಿರು ಒಸರಿತ್ತು. ಕಾಲಿನ ಬಳಿ ಕುಳಿತ ಮಧ್ವೇಶನಿಗೆ ಲ್ಯಾಬಿನಲ್ಲೇ ಕುಳಿತ ಹಾಗೆ ಅನ್ನಿಸಿತು. ಅಮಿತಾ ಕೊಟ್ಟ ಕವರಿನೊಳಗೆ ಎರಡು ರಿಪೋರ್ಟುಗಳಿದ್ದವು. ಒಂದಕ್ಕೆ ಸಹಿ ಹಾಕಿದರೆ ನಾಳೆ ಈ ಪಾದ ಇರುವುದಿಲ್ಲ. ಇನ್ನೊಂದಕ್ಕೆ ಹಾಕಿದರೆ ಪಾದ ಇರುತ್ತದೆ, ಅಮ್ಮ ಎಷ್ಟು ದಿನ ಇರುತ್ತಾಳೆಂದು ಗೊತ್ತಿಲ್ಲ. ಕೈಗುಣವೆಂಬುದು ಸುಳ್ಳಾಗಿ, ಅಮಿತಾಳ ಕಾಗದದಲ್ಲೇ ಏನೋ ಅಂಟಿಕೊಂಡಿತ್ತೆಂದಾಗಿದ್ದರೆ, ಸೂರಜ್‌ನ ಪ್ಲೇಟೇ ಕೆಟ್ಟಿದ್ದರೆ, ತಾನು ಅಳೆದ ಇಪ್ಪತ್ತಾರು ನಿಜವಾಗಿಯೂ ಔಷಧಿಯದಾಗಿದ್ದರೆ ಎಂದು ಅವನು ಲೆಕ್ಕ ಹಾಕುತ್ತಿದ್ದ. ಇಷ್ಟು ವರ್ಷ ರೋಗಿಗಳ ಮನೆಯವರು ಹೀಗೆಯೇ ಲೆಕ್ಕ ಹಾಕುವುದನ್ನು ಕಂಡು ಅವರ ಬಗ್ಗೆ ಅವನಿಗೆ ಕನಿಕರವಿತ್ತು.

ಆಯಾ ಬೆಚ್ಚಗೆ ಮಾಡಿದ ಹಾಲು ತಂದು ಸ್ಟೂಲಿನ ಮೇಲಿಟ್ಟು ಹೋದಳು. ಮುಚ್ಚಳವಿದ್ದ ಸಣ್ಣ ಸ್ಟೀಲ್ ಪಾತ್ರೆ, ಮನೆಯದು. ಕ್ಯಾಂಟೀನಿನ ಮೊಸರನ್ನು ಅಮ್ಮ ಮುಟ್ಟುವವಳಲ್ಲ. ಬಂದ ದಿನದಿಂದ ದಿನಾ ಸಂಜೆ ಹಾಸಿಗೆಯಲ್ಲೇ ಕೂತು ಹೆಪ್ಪು ಹಾಕಿ ಬೆಳಿಗ್ಗೆ ಅದೇ ಮೊಸರಿನಲ್ಲಿ ಅನ್ನ ತಿನ್ನುತ್ತಿದ್ದಳು. ಸಂಜನಾ ಮಧ್ಯಾಹ್ನ ಬಂದು ಸಣ್ಣ ಡಬ್ಬಿಯಲ್ಲಿ ಹೆಪ್ಪು ಇಟ್ಟು ಹೋಗಿದ್ದಳು. ಇವತ್ತು ಅಮ್ಮನ ಬಲಗೈಗೆ ಸಲೈನಿನ ಸೂಜಿ ಕಟ್ಟಿದ್ದರು. ಎಡಗೈ ಜ್ವರಕ್ಕೆ ನಡುಗುತ್ತಿತ್ತು.

"ನೀನೇ ಹಾಕು," ಎಂದಳು.

ಅವನಿಗೆ ತಪ್ಪು ಕೇಳಿಸಿರಲಿಲ್ಲ. "ನನ್ನ ಕೈ ಆಗ್ತದಾ?"

"ಆಗದಿದ್ರೆ ಹಾಲು ಕುಡೀತೇನೆ. ಅದಕ್ಕೆಂತ?"

ಆಯಾಳನ್ನು ಕರೆಯುತ್ತೇನೆ ಎಂದು ಎದ್ದ. ಅಮ್ಮ ತಲೆಯಾಡಿಸಿದಳು. ನಿನ್ನ ಅಪ್ಪ ಸಾಯುವ ತನಕ ಆ ಹಿಟ್ಟಿನ ಮಾತು ಬಿಡಲಿಲ್ಲ, ಮಾಣಿಯ ಕೈ ಕಟ್ಟಿಹಾಕಿದೆವು ಎನ್ನುತ್ತಿದ್ದರು ಎಂದಳು. ಅದನ್ನು ಅವನಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಕೈ ತೊಳೆದುಕೊಂಡು ಬಂದ. ಬಾರ್‌ಕೋಡಿನ ಚೀಟಿ ನೀರಿಗೂ ಕಿತ್ತುಬರಲಿಲ್ಲ. ಡಬ್ಬಿಯ ಹೆಪ್ಪನ್ನು ಬೆರಳಿನಿಂದ ತೆಗೆದು ಹಾಲಿಗಿಟ್ಟು, ಒಂದು ಸುತ್ತು ತಿರುಗಿಸಿ, ಹೆಚ್ಚು ಹೊತ್ತು ಇಡಲು ಧೈರ್ಯವಾಗದೆ ಬೆರಳು ಎತ್ತಿಬಿಟ್ಟ. ಮೂರು ಗಂಟೆಗೆ ಅಮ್ಮನ ಬ್ಯಾಕ್ಟೀರಿಯಾದ ಮೇಲೆ ಒತ್ತಿದ್ದ ಅದೇ ಬೆರಳು.

ಆಗಲೇ ಅವನು ನಿರ್ಧರಿಸಿದ್ದು. ಅಮಿತಾಳ ಫಲಿತಾಂಶ ಒಂಬತ್ತೂವರೆಗೆ. ಮೊಸರಿನದು ಬೆಳಿಗ್ಗೆ ಆರು ಗಂಟೆಗೇ ತಿಳಿಯುತ್ತದೆ. ಹಾಲು ಹೆಪ್ಪುಗಟ್ಟಿದರೆ ತನ್ನದು ಎಲ್ಲರಂಥ ಕೈ, ತನ್ನ ಪ್ಲೇಟು ನಿಜ, ಅದಕ್ಕೆ ಸಹಿ. ಹಾಲು ಹಾಲಾಗಿಯೇ ಉಳಿದರೆ ಸೂರಜ್‌ನದಕ್ಕೆ ಸಹಿ. ಹೀಗೆ ತೀರ್ಮಾನಿಸಿದ ಮೇಲೆ ಮನಸ್ಸು ಹಗುರಾಯಿತು. ಒಂದು ಕ್ಷಣ ಬಿಟ್ಟು, ಹೋಲಿಸಿ ನೋಡಲು ಬೇರೆಯವರು ಹೆಪ್ಪು ಹಾಕಿದ ಇನ್ನೊಂದು ಪಾತ್ರೆ ಬೇಕೆಂಬುದು ನೆನಪಾಯಿತು. ಹೋಲಿಕೆಯಿಲ್ಲದ ಪ್ರಯೋಗವನ್ನು ಅವನು ಸೂರಜ್‌ನಿಂದಲೂ ಒಪ್ಪಿಕೊಳ್ಳುತ್ತಿರಲಿಲ್ಲ. ಆದರೆ ಪಾತ್ರೆ ಇದ್ದದ್ದು ಒಂದೇ.

"ಈ ಚಳಿಯಲ್ಲಿ ಆಗ್ಲಿಕ್ಕಿಲ್ಲ," ಎಂದಳು ಅಮ್ಮ, ಎಸಿಯ ಕಡೆ ನೋಡಿ. "ಇಲ್ಲಿ ಇಡು."

ಎಡಗೈಯಲ್ಲಿ ಹೊದಿಕೆ ಸರಿಸಿ, ಬಲಗಾಲಿನ ಪಕ್ಕದ ಜಾಗ ತೋರಿಸಿದಳು. ಪಾತ್ರೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬ್ಯಾಂಡೇಜಿಗೆ ಒತ್ತಿ ಇಡುವಾಗ ಅವನ ಕೈಗೆ ಅಲ್ಲಿಯ ಕಾವು ತಾಗಿತು. ಆ ಕೋಣೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ಸುಮಾರು ಮೂವತ್ತೆಂಟು ಡಿಗ್ರಿ ಇರಬಹುದೆಂದು ಅಂದಾಜು ಮಾಡಿದ. ಅಲ್ಲಿ ಏನು ಬೇಕಾದರೂ ಬೆಳೆಯುತ್ತದೆ.

"ದಿನಾ ಇಲ್ಲೇ ಇಡುವುದಾ?"

"ಮತ್ತೆಲ್ಲಿ? ಒಳ್ಳೇ ಮೊಸರಾಗ್ತದೆ," ಎಂದು ಅಮ್ಮ ಕಣ್ಣು ಮುಚ್ಚಿದಳು.

ಭೇಟಿಯ ಸಮಯ ಮುಗಿಯಿತೆಂದು ನರ್ಸು ಬಾಗಿಲಿನಿಂದಲೇ ಹೇಳಿ ಹೋದಳು. ಮಧ್ವೇಶ ಏಳಲಿಲ್ಲ. ನೋಡಬಾರದು, ಅಲುಗಿಸಿದರೆ ಮೊಸರು ಕೂರುವುದಿಲ್ಲ ಎಂದು ಗೊತ್ತಿದ್ದೂ ಬಟ್ಟೆ ಬಿಡಿಸಿ ಮುಚ್ಚಳ ತೆಗೆದ. ಸರಿಯಾಗಿ ಬೆರೆಯದ ಹೆಪ್ಪಿನ ಒಂದು ತುಣುಕು ದುಂಡಗಿನ ಪಾತ್ರೆಯ ನಟ್ಟನಡುವೆ ತೇಲುತ್ತಿತ್ತು. ಅದರ ಸುತ್ತ ಅಂಚಿನವರೆಗೂ ಏನೂ ಇಲ್ಲದ ಬಿಳಿ. ಅಮ್ಮನ ಕಾಲಿನ ನಾಡಿ ಬಡಿದಂತೆಲ್ಲ ಆ ಬಿಳಿ ಸಣ್ಣಗೆ ಅದುರಿ ಮತ್ತೆ ಸುಮ್ಮನಾಗುತ್ತಿತ್ತು. ಚೀಟಿ ಅಂಟಿಸಿದ ಅವನ ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಗಿ ಸ್ಕೇಲು ಹುಡುಕಿತು. ಸ್ಕೇಲು ಲ್ಯಾಬಿನಲ್ಲೇ ಉಳಿದಿತ್ತು.